ನೋವೆಂಬ ಕಾವಲುಗಾರ

ದೇವನಹಳ್ಳಿಯ ಸೀಮೆಯಲ್ಲಿ ಹಿಪ್ಪುನೇರಳೆಯ ತೋಟಗಳಿಗೂ ದ್ರಾಕ್ಷಿಯ ಚಪ್ಪರಗಳಿಗೂ ಕೊರತೆಯಿಲ್ಲ. ನಸುಕಿನಲ್ಲಿ ಬರಿಗಾಲಿನಿಂದ ತೋಟಕ್ಕೆ ನಡೆಯುವ ರೈತನ ಅಂಗಾಲಿಗೆ ಮುಳ್ಳು ಚುಚ್ಚಿದರೆ ಅವನು ಥಟ್ಟನೆ ನಿಲ್ಲುತ್ತಾನೆ. ಮುಳ್ಳನ್ನು ಕಿತ್ತೆಸೆದು ಮುಂದೆ ಸಾಗುತ್ತಾನೆ. ಆದರೆ ಬಹುಕಾಲ ಮಧುಮೇಹದಿಂದ ಬಳಲಿ ಕಾಲಿನ ನರಗಳು ಜಡವಾದವನಿಗೆ ಮುಳ್ಳು ಚುಚ್ಚಿದುದೇ ತಿಳಿಯದು. ಸಂಜೆಯವರೆಗೂ ಅವನು ಅದರ ಮೇಲೆಯೇ ನಡೆಯುತ್ತಾನೆ. ಗಾಯವು ಕೀವುಗಟ್ಟಿ, ಕಡೆಗೆ ಕಾಲನ್ನೇ ಕತ್ತರಿಸಬೇಕಾದ ದುಃಸ್ಥಿತಿಯೂ ಒದಗಬಹುದು. ನೋವು ಮನುಷ್ಯನ ಶತ್ರುವಲ್ಲ, ಅವನ ಕಾವಲುಗಾರ. ಈ ಸತ್ಯವನ್ನು ಲೋಕಕ್ಕೆ ಮನಗಾಣಿಸಿದವರಲ್ಲಿ ಡಾಕ್ಟರ್ ಪಾಲ್ ಬ್ರಾಂಡರು ಪ್ರಮುಖರು. ಅವರು ಮೊದಲು ವೈದ್ಯರಾಗಿರಲಿಲ್ಲ; ಮನೆ ಕಟ್ಟುವ ಕಸುಬನ್ನು ಕಲಿತವರಾಗಿದ್ದರು.

ಬ್ರಾಂಡರು 1914ರಲ್ಲಿ ಈಗಿನ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಜನಿಸಿದರು. ಅವರ ತಂದೆ ತಾಯಿಗಳು ಇಂಗ್ಲೆಂಡಿನಿಂದ ಬಂದು ಆ ಗುಡ್ಡಗಾಡಿನ ಜನರ ಸೇವೆಯಲ್ಲಿ ತೊಡಗಿದ್ದ ಮಿಷನರಿಗಳು. ಬಾಲಕನು ವಿದ್ಯಾಭ್ಯಾಸಕ್ಕಾಗಿ ಒಂಬತ್ತನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ತೆರಳಿದನು. 1929ರಲ್ಲಿ ತಂದೆ ತೀರಿಕೊಂಡರು. ರಕ್ತ ಕೀವುಗಳನ್ನು ಕಂಡರೆ ಅಸಹ್ಯಪಡುತ್ತಿದ್ದ ತರುಣನಿಗೆ ವೈದ್ಯವೃತ್ತಿ ಬೇಡವಾಗಿತ್ತು. ಅವರು ಕೆಲವು ವರ್ಷ ಮರಗೆಲಸ, ಗಾರೆಕೆಲಸಗಳನ್ನು ಶ್ರದ್ಧೆಯಿಂದ ಕಲಿತರು. ಬಳಿಕ ಉಷ್ಣವಲಯದ ರೋಗಗಳನ್ನು ಕುರಿತ ಕಿರುಶಿಕ್ಷಣವೊಂದಕ್ಕೆ ಸೇರಿದಾಗ ಅವರ ಮನಸ್ಸು ಪರಿವರ್ತನೆಗೊಂಡಿತು. ಕಲಿತ ಕಸುಬನ್ನು ಬದಿಗಿಟ್ಟು, ಮತ್ತೆ ವಿದ್ಯಾರ್ಥಿಯಾಗಿ, ವೈದ್ಯ ಪದವಿ ಪಡೆದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದರು.

ಆಗ ಕುಷ್ಠರೋಗವೆಂದರೆ ಮಾಂಸವು ತಾನಾಗಿಯೇ ಕೊಳೆತು ಉದುರುವ ರೋಗವೆಂಬ ನಂಬಿಕೆಯಿತ್ತು. ಒಮ್ಮೆ ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲು ಬ್ರಾಂಡರಿಗೆ ಸಾಧ್ಯವಾಗಲಿಲ್ಲ. ರೋಗಿಯಾಗಿದ್ದ ಪುಟ್ಟ ಹುಡುಗನೊಬ್ಬ ಮುಂದೆ ಬಂದು ಕೀಲಿಕೈಯನ್ನು ತಿರುಗಿಸಿಯೇಬಿಟ್ಟ. ಅವನ ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಗಾಯವು ಮೂಳೆಯವರೆಗೂ ಇಳಿದಿತ್ತು. ಹುಡುಗನಿಗೆ ಅದರ ಅರಿವೇ ಇರಲಿಲ್ಲ. ನರಗಳು ಸಂವೇದನೆಯನ್ನು ಕಳೆದುಕೊಳ್ಳುವುದರಿಂದ, ಅರಿವಿಗೆ ಬಾರದ ಪೆಟ್ಟುಗಳೇ ಕೈಕಾಲುಗಳನ್ನು ನಾಶಮಾಡುತ್ತವೆಯೆಂಬುದು ಬ್ರಾಂಡರಿಗೆ ಮನದಟ್ಟಾಯಿತು.

ಕಟ್ಟಡದ ಭಾರವೆಲ್ಲ ಒಂದೇ ಕಡೆ ಬಿದ್ದರೆ ಗೋಡೆ ಬಿರುಕು ಬಿಡುತ್ತದೆ. ಪಾದದ ಸ್ಥಿತಿಯೂ ಹಾಗೆಯೇ. ಬ್ರಾಂಡರೂ ಅವರ ಸಹೋದ್ಯೋಗಿಗಳೂ ಹುಣ್ಣಾದ ಪಾದಕ್ಕೆ ಪ್ಲಾಸ್ಟರಿನ ಕಟ್ಟು ಹಾಕಿ, ಭಾರವು ಅಂಗಾಲಿಗೆಲ್ಲ ಸಮನಾಗಿ ಹಂಚುವಂತೆ ಮಾಡಿದರು. ವಾಸಿಯಾದ ಮೇಲೆ ಧರಿಸಲು ಮೃದುವಾದ ರಬ್ಬರಿನ ಪಾದರಕ್ಷೆಗಳನ್ನು ರೂಪಿಸಿದರು. ಗುಣಹೊಂದಿದವರು ಸ್ವಾವಲಂಬಿಗಳಾಗಲೆಂದು ಅವರಿಗೆ ಮರಗೆಲಸವನ್ನು ಕಲಿಸುವ ಏರ್ಪಾಡೂ ಆಯಿತು. ಬದಿಗಿಟ್ಟ ಕಸುಬು ಹೀಗೆ ಕೈಗೂಡಿ ಬಂತು.

1966ರಲ್ಲಿ ಬ್ರಾಂಡರು ಅಮೆರಿಕೆಯ ಕಾರ್ವಿಲ್ ಎಂಬಲ್ಲಿಗೆ ತೆರಳಿದರು. ಮಧುಮೇಹಿಗಳ ಪಾದಗಳಿಗೂ ಇದೇ ವಿಪತ್ತು ಒದಗುವುದನ್ನು ಕಂಡು, ವೆಲ್ಲೂರಿನ ಅನುಭವವನ್ನು ಅಲ್ಲಿಯೂ ಬಳಸಿದರು. 2003ರಲ್ಲಿ ಅವರು ನಿಧನರಾದರು. ಈಗ ಕುಷ್ಠರೋಗವು ಔಷಧಿಗಳಿಂದ ಗುಣವಾಗುತ್ತದೆ. ಪಾದಚಿಕಿತ್ಸೆಯು ವೈದ್ಯಶಾಸ್ತ್ರದ ಒಂದು ವಿಶೇಷ ಶಾಖೆಯಾಗಿ ಬೆಳೆದಿದೆ. ಬೆಂಗಳೂರಿನಲ್ಲಿಯೂ ಅದರ ಸೌಲಭ್ಯವಿದೆ.

ಬ್ರಾಂಡರ ತಾಯಿ ಎವೆಲಿನ್ ಅವರ ಬಾಳೂ ಸ್ಮರಣೀಯವಾದುದು. ಎಪ್ಪತ್ತರ ಸಮೀಪದಲ್ಲಿ ಅವರಿಗೆ ಕೆಲಸದಿಂದ ನಿವೃತ್ತಿಯಾಯಿತು. ಆದರೂ ಆಕೆ ಬೆಟ್ಟಗಳಿಗೆ ಹಿಂದಿರುಗಿ, 1974ರಲ್ಲಿ ತೊಂಬತ್ತೈದರ ವಯಸ್ಸಿನಲ್ಲಿ ಕೊನೆಯುಸಿರೆಳೆಯುವವರೆಗೂ ಜನರ ನಡುವೆಯೇ ಬಾಳಿದರು.

ಹೊಸ ದಾರಿ ಹಿಡಿಯುವುದಕ್ಕೆ ವಯಸ್ಸು ಅಡ್ಡಿಯಲ್ಲ. ಕಲಿತ ವಿದ್ಯೆ ಯಾವುದೂ ವ್ಯರ್ಥವಲ್ಲ. ಪಾದಗಳ ಸೇವೆಗೆ ವೈದ್ಯರೇ ಆಗಬೇಕೆಂಬ ನಿಯಮವೂ ಇಲ್ಲ. ಮಧುಮೇಹವಿರುವ ಅಜ್ಜನಿಗೆ ಬಗ್ಗಿ ತನ್ನ ಅಂಗಾಲನ್ನು ನೋಡಿಕೊಳ್ಳಲು ಆಗದಿರಬಹುದು. ರಾತ್ರಿ ದೀಪದ ಬೆಳಕಿನಲ್ಲಿ ಅದನ್ನು ಪರೀಕ್ಷಿಸಿ, ಸಣ್ಣ ಗಾಯವಿದ್ದರೂ ವೈದ್ಯರಲ್ಲಿಗೆ ಕರೆದೊಯ್ಯುವ ಮೊಮ್ಮಗಳು ಅವನ ಕಾಲನ್ನೇ ಉಳಿಸಿಯಾಳು.

ಅಭ್ಯಾಸ
1. ನೋವನ್ನು ಕಾವಲುಗಾರನೆಂದು ಕರೆಯಲು ಕಾರಣವೇನು?
2. ಬೀಗದ ಪ್ರಸಂಗದಿಂದ ಬ್ರಾಂಡರು ಕಂಡುಕೊಂಡ ಸತ್ಯ ಯಾವುದು?
3. ‘ಕಲಿತ ವಿದ್ಯೆ ಯಾವುದೂ ವ್ಯರ್ಥವಲ್ಲ’ - ಪಾಠದ ಆಧಾರದಿಂದ ಸಮರ್ಥಿಸಿರಿ.