ಎಂಜಿನ್ ಆಯಿಲ್‌ನಲ್ಲಿ ನೀರು: ಪತ್ತೆ, ಪರೀಕ್ಷೆ ಮತ್ತು ಲೆಕ್ಕ

ಸಣ್ಣ ಉದ್ದಿಮೆದಾರರ ಹಾಗೂ ಸಗಟು ವ್ಯಾಪಾರಸ್ಥರ ಆಸ್ತಿಪಟ್ಟಿಯಲ್ಲಿ ಸರಕು ಸಾಗಣೆಯ ವಾಹನಕ್ಕೆ ದೊಡ್ಡ ಸ್ಥಾನವಿದೆ. ಅನೇಕ ವೇಳೆ ಅದು ಸಾಲದಿಂದ ಕೊಂಡದ್ದಾಗಿರುತ್ತದೆ. ವಾಹನ ನಿಂತರೂ ಮಾಸಿಕ ಕಂತು ನಿಲ್ಲುವುದಿಲ್ಲ. ಅದರ ಎಂಜಿನ್ನನ್ನು ಸದ್ದಿಲ್ಲದೆ ಕೆಡಿಸುವ ಕಾರಣಗಳಲ್ಲಿ ಎಂಜಿನ್ ಆಯಿಲ್‌ಗೆ ನೀರು ಸೇರುವುದು ಪ್ರಮುಖವಾದುದು. ಆಯಿಲ್ ಕೆಟ್ಟಿದೆ ಎಂದು ಕಂಡ ಕೂಡಲೇ ಅದನ್ನು ಬದಲಾಯಿಸಿ ವಾಹನವನ್ನು ಮತ್ತೆ ರಸ್ತೆಗಿಳಿಸುವ ರೂಢಿ ಹಲವರಲ್ಲಿದೆ. ನೀರು ಬಂದ ದಾರಿಯನ್ನು ಅರಿಯದೆ ಆಯಿಲ್ ಬದಲಿಸುವುದು, ತಾಳೆಯಾಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಬರೆದು ಪುಸ್ತಕ ಮುಚ್ಚಿದಂತೆ. ವ್ಯತ್ಯಾಸವು ಮುಂದಿನ ತಿಂಗಳು ಮತ್ತೆ ಕಾಣಿಸಿಕೊಳ್ಳುತ್ತದೆ.

ಹಾನಿಯ ಸ್ವರೂಪ

ಎಂಜಿನ್ನಿನ ಬೇರಿಂಗುಗಳು ಆಯಿಲ್‌ನ ತೆಳುವಾದ ಪದರದ ಮೇಲೆ ತಿರುಗುತ್ತವೆ. ನೀರು ಬೆರೆತಾಗ ಈ ಪದರವು ಭಾರ ತಡೆಯುವ ಶಕ್ತಿಯನ್ನು ಕಳೆದುಕೊಂಡು ಲೋಹಕ್ಕೆ ಲೋಹ ತಾಗುತ್ತದೆ. ಆಯಿಲ್‌ಗೆ ಬೆರೆಸಿರುವ ರಕ್ಷಕ ರಾಸಾಯನಿಕಗಳು ಕ್ಷೀಣಿಸುತ್ತವೆ, ತುಕ್ಕು ಹಿಡಿಯುತ್ತದೆ, ಜಿಡ್ಡು ಕಟ್ಟಿ ಫಿಲ್ಟರ್ ಮುಚ್ಚಿಕೊಳ್ಳುತ್ತದೆ. ರೇಡಿಯೇಟರಿನ ಕೂಲೆಂಟ್ ಸೇರಿದರೆ ಕೆಡುಕು ಇನ್ನೂ ಹೆಚ್ಚು.

ನೀರು ಬರುವ ದಾರಿಗಳು

1. ಗಾಳಿಯ ತೇವಾಂಶ: ಎಂಜಿನ್ ಪೂರ್ಣ ಬಿಸಿಯಾಗುವ ಮೊದಲೇ ನಿಲ್ಲಿಸಲಾಗುವ ಅಲ್ಪದೂರದ ಓಡಾಟದಲ್ಲಿ, ವಿಶೇಷವಾಗಿ ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ, ಆವಿಯು ತಣಿದು ಒಳಗೇ ಉಳಿಯುತ್ತದೆ.
2. ಕೂಲೆಂಟ್ ಸೋರಿಕೆ: ಸುಟ್ಟ ಹೆಡ್ ಗ್ಯಾಸ್ಕೆಟ್, ಬಿರುಕು ಬಿಟ್ಟ ಸಿಲಿಂಡರ್ ಹೆಡ್, ತೂತಾದ ಆಯಿಲ್ ಕೂಲರ್ ಹಾಗೂ ಭಾರಿ ಡೀಸೆಲ್ ಎಂಜಿನ್ನುಗಳಲ್ಲಿ ಲೈನರಿನ ರಬ್ಬರ್ ಸೀಲುಗಳು ಇದಕ್ಕೆ ಕಾರಣ.
3. ಹೊರಗಿನ ನೀರು: ನೆರೆ ನೀರಿನಲ್ಲಿ ಓಡಿಸಿದಾಗ ಗಾಳಿ ಎಳೆಯುವ ಕೊಳವೆಯ ಮೂಲಕ ನೀರು ನುಗ್ಗುತ್ತದೆ. ಮುಳುಗಿ ನಿಂತ ವಾಹನದಲ್ಲಿ ಡಿಪ್‌ಸ್ಟಿಕ್ಕಿನ ಕೊಳವೆಯೂ ದಾರಿಯಾಗಬಹುದು.
4. ದಾಸ್ತಾನಿನ ದೋಷ: ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಆಯಿಲ್ ಡ್ರಮ್ಮಿನ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ, ರಾತ್ರಿ ಕುಗ್ಗುವಾಗ ಬಿರಡೆಯ ಸಂದಿನಿಂದ ನೀರು ಒಳಕ್ಕೆ ಎಳೆಯಲ್ಪಡುತ್ತದೆ.

ಪತ್ತೆಯ ಕ್ರಮ

ಮೊದಲ ಹಂತ, ರಾತ್ರಿಯಿಡೀ ನಿಂತ ವಾಹನವನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನೋಡುವುದು. ಡಿಪ್‌ಸ್ಟಿಕ್ಕಿನ ಮೇಲಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ ನೀರು ಗಣನೀಯ ಪ್ರಮಾಣದಲ್ಲಿ ಬೆರೆತಿದೆ ಎಂದರ್ಥ. ಮಸಿಯಿಂದ ಕಪ್ಪಾದ ಡೀಸೆಲ್ ಎಂಜಿನ್ನಿನ ಆಯಿಲ್‌ನಲ್ಲಿ ಈ ಬಣ್ಣ ಸುಲಭವಾಗಿ ಕಾಣದು. ಬೂದುಬಣ್ಣದ ಛಾಯೆಯನ್ನೂ ಗಮನಿಸಬೇಕು. ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಮಾತ್ರ ಬಿಳಿ ನೊರೆಯಿದ್ದು ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದರೆ ಅದು ಬಹುಮಟ್ಟಿಗೆ ತೇವಾಂಶ. ಎಂಜಿನ್ ಪೂರ್ಣ ಬಿಸಿಯಾಗುವಷ್ಟು ದೀರ್ಘ ಓಟದ ನಂತರ ಈ ನೊರೆ ಇಲ್ಲವಾಗುತ್ತದೆ. ಇಲ್ಲವಾಗದಿದ್ದರೆ ಮುಂದಿನ ತನಿಖೆ ಅಗತ್ಯ.

ಎರಡನೆಯ ಹಂತ, ಎರಡು ಮಟ್ಟಗಳನ್ನು ತಾಳೆ ನೋಡುವುದು. ಇದು ಜೋಡಿನಮೂದು ಪದ್ಧತಿಯಂತೆಯೇ: ಕೂಲೆಂಟ್ ಖಾತೆಯಲ್ಲಿ ಖರ್ಚಾದದ್ದು ಎಲ್ಲಿಯಾದರೂ ಜಮೆಯಾಗಿರಲೇಬೇಕು. ಒಂದು ಉದಾಹರಣೆಯಾಗಿ, ವಾಹನವೊಂದಕ್ಕೆ ವಾರದಲ್ಲಿ 1 ಲೀಟರ್ ಕೂಲೆಂಟ್ ಮರುಭರ್ತಿ ಮಾಡಬೇಕಾಯಿತು, ಹೊರಗೆ ಎಲ್ಲಿಯೂ ಹನಿಯಿಲ್ಲ, ಆಯಿಲ್ ಮಟ್ಟ ಮಾತ್ರ ಏರಿದೆ ಎಂದು ಭಾವಿಸಬಹುದು. ಆಗ ಸಂಶಯವು ಒಳಸೋರಿಕೆಯ ಮೇಲೆಯೇ ಬೀಳುತ್ತದೆ. ಕೂಲೆಂಟ್ ಇಳಿದು, ಆಯಿಲ್ ಏರದೆ, ಹೊಗೆಕೊಳವೆಯಿಂದ ಬಿಳಿ ಹೊಗೆ ಬರುತ್ತಲೇ ಇದ್ದರೆ ನೀರು ಸಿಲಿಂಡರಿನೊಳಗೆ ಹೋಗುತ್ತಿರಬಹುದು. ಆಯಿಲ್ ಏರಿದ್ದರೂ ಕೂಲೆಂಟ್ ಇಳಿಯದೆ, ಆಯಿಲ್ ತೆಳುವಾಗಿ ಡೀಸೆಲ್ ವಾಸನೆ ಬೀರಿದರೆ ದೋಷವಿರುವುದು ಇಂಧನ ವ್ಯವಸ್ಥೆಯಲ್ಲಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು.

ಮೂರನೆಯ ಹಂತ, ತಳವನ್ನು ನೋಡುವುದು. ನೀರು ಆಯಿಲ್‌ಗಿಂತ ಭಾರ. ನಿಂತ ವಾಹನದ ಡ್ರೈನ್ ಬೋಲ್ಟನ್ನು ನಿಧಾನವಾಗಿ ಸಡಿಲಿಸಿದರೆ, ಬೆರೆಯದೆ ಉಳಿದ ನೀರು ಮೊದಲು ಬರುತ್ತದೆ.

ನಾಲ್ಕನೆಯ ಹಂತ, ಬಿಸಿ ತಟ್ಟೆಯ ಪರೀಕ್ಷೆ. ಸುಮಾರು 160 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಲೋಹದ ತಟ್ಟೆಯ ಮೇಲೆ ಒಂದೇ ಹನಿ ಆಯಿಲ್ ಬಿಡಬೇಕು. ಚಟಪಟ ಸದ್ದಿನೊಡನೆ ಗುಳ್ಳೆಯೆದ್ದರೆ ನೀರಿದೆ. ಕಣ್ಣಿಗೆ ರಕ್ಷಣೆಯಿರಬೇಕು, ಸಮೀಪದಲ್ಲಿ ಬೆಂಕಿಯ ಜ್ವಾಲೆ ಇರಬಾರದು. ನಿಖರವಾದ ಪ್ರಮಾಣ ಬೇಕಿದ್ದಲ್ಲಿ ಪ್ರಯೋಗಾಲಯದ ಕಾರ್ಲ್ ಫಿಶರ್ ಪರೀಕ್ಷೆಯಿದೆ. ಅದೇ ಮಾದರಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಂಶಗಳು ಅಸಹಜವಾಗಿ ಏರಿದ್ದರೆ ಬಂದದ್ದು ಮಳೆನೀರಲ್ಲ, ಕೂಲೆಂಟ್ ಎಂಬುದಕ್ಕೆ ಬಲವಾದ ಸಾಕ್ಷ್ಯ ದೊರೆಯುತ್ತದೆ.

ಕೂಲೆಂಟ್ ಎಂದು ತಿಳಿದ ಮೇಲೆ ಸೋರುವ ಸ್ಥಳವನ್ನು ಖಚಿತಪಡಿಸಬೇಕು. ಕೂಲಿಂಗ್ ವ್ಯವಸ್ಥೆಗೆ ಕೈಪಂಪಿನಿಂದ ಒತ್ತಡ ಕೊಟ್ಟು ಅದು ಇಳಿಯುವುದೇ ಎಂದು ನೋಡುವುದು ಒಂದು ವಿಧಾನ. ರೇಡಿಯೇಟರಿನಲ್ಲಿ ಹೊಗೆಯ ಅನಿಲವನ್ನು ರಾಸಾಯನಿಕ ದ್ರಾವಣದಿಂದ ಪರೀಕ್ಷಿಸುವುದು ಇನ್ನೊಂದು. ಬಣ್ಣ ಬದಲಾದರೆ ಗ್ಯಾಸ್ಕೆಟ್ ಅಥವಾ ಹೆಡ್ ಸಂಶಯಾಸ್ಪದ. ಆಯಿಲ್ ಕೂಲರಿನ ದೋಷಕ್ಕೆ ಬೇರೆ ಲಕ್ಷಣವಿದೆ. ಎಂಜಿನ್ ಓಡುವಾಗ ಆಯಿಲ್‌ನ ಒತ್ತಡ ಹೆಚ್ಚಿರುವುದರಿಂದ ಆಯಿಲ್ ರೇಡಿಯೇಟರಿಗೆ ಹೋಗುತ್ತದೆ; ನಿಂತ ನಂತರ ಕೂಲೆಂಟ್ ಆಯಿಲ್‌ಗೆ ಬರುತ್ತದೆ. ಎರಡೂ ಕಡೆ ಬೆರಕೆ ಕಂಡರೆ, ಎಂಜಿನ್ನಿನ ಹೆಡ್ ಬಿಚ್ಚಿಸುವ ಮೊದಲು ಕೂಲರನ್ನು ಪರೀಕ್ಷಿಸಲು ಕೇಳುವುದು ಲಾಭಕರ.

ವಿಮೆ ಮತ್ತು ಲೆಕ್ಕ

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಮಳೆನೀರು ನುಗ್ಗಿ ಅನೇಕ ವಾಹನಗಳು ಮುಳುಗಿದವು. ಇಂತಹ ಸಂದರ್ಭದಲ್ಲಿ ಮಾಡಬಾರದ ಕೆಲಸವೆಂದರೆ ಸ್ಟಾರ್ಟರ್ ಒತ್ತುವುದು. ನೀರು ಗಾಳಿಯಂತೆ ಕುಗ್ಗದು. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಸ್ವಂತ ಹಾನಿಯನ್ನು ಒಳಗೊಂಡ ವಾಹನ ವಿಮಾ ಪಾಲಿಸಿಯಲ್ಲಿ ನೆರೆಯು ರಕ್ಷಿತ ಅಪಾಯ. ಆದರೆ ಸವೆತ, ಯಾಂತ್ರಿಕ ವೈಫಲ್ಯ ಹಾಗೂ ಅನುಷಂಗಿಕ ನಷ್ಟಗಳು ಹೊರತು. ಅವಘಡದ ನಂತರ ಅವಶ್ಯ ದುರಸ್ತಿಗೆ ಮುನ್ನ ವಾಹನ ಓಡಿಸಿದರೆ, ಅದರಿಂದ ಹೆಚ್ಚಿದ ಹಾನಿಯು ವಿಮೆದಾರನ ಸ್ವಂತ ಹೊಣೆ ಎಂಬ ಷರತ್ತೂ ಇದೆ. ಆದುದರಿಂದ ಒಂದೇ ಬಣ್ಣದ ಆಯಿಲ್ ಇದ್ದರೂ, ಅದು ನೆರೆಯ ನೀರೋ ಹಳೆಯ ಗ್ಯಾಸ್ಕೆಟ್ಟಿನದೋ ಎಂಬುದರ ಮೇಲೆ ಕ್ಲೇಮಿನ ಗತಿ ನಿಲ್ಲುತ್ತದೆ. ವಾಹನ ನಿಂತ ಸ್ಥಳದ ಛಾಯಾಚಿತ್ರ, ಸರ್ವೇಯರ್ ಬರುವ ತನಕ ಬಿಚ್ಚದ ಎಂಜಿನ್, ದಿನಾಂಕ ಬರೆದು ಮುಚ್ಚಿಟ್ಟ ಆಯಿಲ್ ಮಾದರಿ ಇವು ಮುಖ್ಯ ದಾಖಲೆಗಳು. ಹೆಚ್ಚುವರಿ ಪ್ರೀಮಿಯಂ ಪಡೆದು ಎಂಜಿನ್ ರಕ್ಷಣೆ ನೀಡುವ ವಿಮಾ ಕಂಪನಿಗಳೂ ಇವೆ. ನವೀಕರಣದ ವೇಳೆ ವಿಚಾರಿಸಬೇಕು.

ವಾಹನವನ್ನು ಮೊದಲಿನ ಸ್ಥಿತಿಗೆ ತರುವ ದುರಸ್ತಿ ಸಾಮಾನ್ಯವಾಗಿ ರಾಜಸ್ವ ವೆಚ್ಚ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)ನೇ ಕಲಮಿನಲ್ಲಿ ಪ್ರಯಾಣಿಕ ವಾಹನಗಳ ದುರಸ್ತಿಗೆ ಇರುವ ನಿರ್ಬಂಧವು ಸರಕು ವಾಹನಗಳಿಗೆ ಇಲ್ಲ. ತೆರಿಗೆಗೊಳಪಡುವ ವ್ಯವಹಾರಕ್ಕೆ ಬಳಸುವ ವಾಹನವಾದಲ್ಲಿ, ನಿಯಮಬದ್ಧ ಬಿಲ್ಲಿನ ಆಧಾರದ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಬಿಲ್ಲಿಲ್ಲದ ಅಗ್ಗದ ದುರಸ್ತಿ ಕೊನೆಗೆ ಅಗ್ಗವಾಗದು.

ಪಾಲಿಸಬೇಕಾದ ಶಿಸ್ತು

ಆಯಿಲ್ ಡ್ರಮ್ಮುಗಳನ್ನು ಸೂರಿನಡಿ ಇಡಬೇಕು. ಬಯಲಿನಲ್ಲಿಡುವುದು ಅನಿವಾರ್ಯವಾದರೆ ಅಡ್ಡ ಮಲಗಿಸಿ, ಎರಡು ಬಿರಡೆಗಳೂ ಒಂದೇ ಅಡ್ಡರೇಖೆಯಲ್ಲಿ, ಒಳಗಿನ ಆಯಿಲ್ ಮಟ್ಟಕ್ಕಿಂತ ಕೆಳಗೆ ಇರುವಂತೆ ಇಡಬೇಕು. ವಾಹನದ ಲಾಗ್ ಪುಸ್ತಕದಲ್ಲಿ ಕಿಲೋಮೀಟರ್ ಮತ್ತು ಡೀಸೆಲ್ ಜೊತೆಗೆ ಇನ್ನೆರಡು ಅಂಕಣಗಳಿರಲಿ: ಆಯಿಲ್ ಮಟ್ಟ, ಕೂಲೆಂಟ್ ಮಟ್ಟ. ಚಾಲಕರು ವಾರಕ್ಕೊಮ್ಮೆ ತುಂಬುವ ಈ ಎರಡು ಅಂಕಿಗಳನ್ನು ಮಾಲೀಕರು ತಿಂಗಳಿಗೊಮ್ಮೆಯಾದರೂ ಓದಿದರೆ, ಗ್ಯಾಸ್ಕೆಟ್ಟಿನ ಖರ್ಚಿನಲ್ಲಿ ಮುಗಿಯಬೇಕಾದ ದೋಷವು ಎಂಜಿನ್ನಿನ ಖರ್ಚಾಗಿ ಬೆಳೆಯುವುದನ್ನು ತಡೆಯಬಹುದು.