ಸಾಕುಪ್ರಾಣಿ ಇರುವ ಮನೆಗೆ ಹೊಸ ನಾಯಿ

ಮನೆಯಲ್ಲಿ ಈಗಾಗಲೇ ನಾಯಿಯೋ ಬೆಕ್ಕೋ ಇರುವಾಗ ಮತ್ತೊಂದು ನಾಯಿಯನ್ನು ತರುವುದು ಕೇವಲ ಮಮತೆಯ ವಿಷಯವಲ್ಲ, ಹೊಣೆಗಾರಿಕೆಯ ವಿಷಯವೂ ಹೌದು. ಮೊದಲ ದಿನವೇ ಎರಡನ್ನೂ ಎದುರುಬದುರು ಬಿಟ್ಟು, ಕಚ್ಚಾಟವಾದೊಡನೆ ಹೊಸದನ್ನು ಬೀದಿಪಾಲು ಮಾಡುವವರುಂಟು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಆತುರವನ್ನು ತೊರೆದರೆ ಇಂತಹ ಸಂದರ್ಭಗಳನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮೊದಲು ಆರೋಗ್ಯ

ಹೊಸ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ, ಸುಮಾರು ಎರಡು ವಾರ ಪ್ರತ್ಯೇಕ ಕೋಣೆಯಲ್ಲಿ ಇಡುವುದು ಲೇಸು. ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳು ಸೋಂಕು ತಗುಲಿದ ಕೂಡಲೇ ಹೊರಗೆ ಕಾಣಿಸಿಕೊಳ್ಳುವುದಿಲ್ಲ. ಪಾರ್ವೊ ವೈರಾಣು ಪಾದರಕ್ಷೆಗಳ ಮೂಲಕವೂ ಹರಡಬಲ್ಲದು. ಆದುದರಿಂದ ಎರಡರ ಊಟದ ತಟ್ಟೆ, ಹಾಸಿಗೆಗಳು ಬೇರೆಬೇರೆಯಾಗಿರಬೇಕು. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮರಿಗೆ ಮೂರು ತಿಂಗಳಾದಾಗ ಹಾಕಿಸಲಾಗುತ್ತದೆ. ಹಳೆಯ ಪ್ರಾಣಿಯ ಲಸಿಕೆಗಳ ಅವಧಿ ಮುಗಿದಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ವಾಸನೆಯ ಪರಿಚಯ

ನಾಯಿಯು ಲೋಕವನ್ನು ಅರಿಯುವುದು ಮುಖ್ಯವಾಗಿ ಮೂಗಿನಿಂದ. ಹೊಸ ನಾಯಿ ಆರೋಗ್ಯವಾಗಿದೆಯೆಂದು ವೈದ್ಯರು ತಿಳಿಸಿದ ಮೇಲೆ, ಒಂದರ ಹಾಸುಬಟ್ಟೆಯನ್ನು ಮತ್ತೊಂದರ ಬಳಿ ಇಡಬೇಕು. ಆ ವಾಸನೆ ಎರಡಕ್ಕೂ ರೂಢಿಯಾದ ಬಳಿಕವೇ ಮುಖಾಮುಖಿ ಭೇಟಿ.

ಮೊದಲ ಭೇಟಿ

ಮನೆಯನ್ನೂ ಕಟ್ಟಡದ ಅಂಗಳವನ್ನೂ ಹಳೆಯ ನಾಯಿ ತನ್ನದೆಂದೇ ಭಾವಿಸಿರುತ್ತದೆ. ಹೀಗಾಗಿ ನಾಯಿಗಳ ಮೊದಲ ಭೇಟಿ ಎರಡಕ್ಕೂ ಹೊಸದಾದ ಬಯಲಿನಲ್ಲಿ ನಡೆಯಬೇಕು. ಒಂದೊಂದು ನಾಯಿಯನ್ನು ಒಬ್ಬೊಬ್ಬರು ಹಿಡಿದು, ನಡುವೆ ಸಾಕಷ್ಟು ಅಂತರವಿಟ್ಟು, ಒಂದೇ ದಿಕ್ಕಿನಲ್ಲಿ ನಡೆಸಬೇಕು. ಹಗ್ಗವನ್ನು ಬಿಗಿಹಿಡಿದರೆ ನಾಯಿಯ ಕಳವಳ ಹೆಚ್ಚುತ್ತದೆ. ಮೈ ಸಡಿಲವಾಗಿ, ನೆಲ ಮೂಸುತ್ತಾ ನಡೆದರೆ ಅಂತರವನ್ನು ಕ್ರಮೇಣ ತಗ್ಗಿಸಬಹುದು. ಮೈ ಸೆಟೆದು, ದೃಷ್ಟಿ ನೆಟ್ಟು, ತುಟಿ ಮೇಲೆತ್ತಿದರೆ ಬೈಯದೆ ಹೊಡೆಯದೆ ದೂರ ಕರೆದೊಯ್ಯಬೇಕು. ಗುರುಗುಟ್ಟುವುದು ಎಚ್ಚರಿಕೆಯ ಮಾತು. ಅದಕ್ಕೆ ದಂಡಿಸಿದರೆ ಮುಂದೆ ನಾಯಿಯು ಎಚ್ಚರಿಕೆ ನೀಡದೆಯೇ ಕಚ್ಚಬಹುದು.

ಮನೆಯೊಳಗೆ

ಮುಂಬಯಿಯಂತಹ ನಗರಗಳ ಚಿಕ್ಕ ಮನೆಗಳಲ್ಲಿ ಬೇರೆ ಕೋಣೆ ಇಲ್ಲದಿದ್ದರೆ, ಸೋಂಕಿನ ಭಯವಿರುವ ಆ ಎರಡು ವಾರಗಳ ಮಟ್ಟಿಗೆ ಹೊಸ ನಾಯಿಯನ್ನು ಬೇರೆಡೆ ಇರಿಸುವುದು ಉತ್ತಮ. ಆನಂತರ ಬಾಗಿಲಿಗೆ ಅಡ್ಡಲಾಗಿ ಗಟ್ಟಿ ಜಾಲರಿ ಕಟ್ಟಿದರೆ ಸಾಕಾಗುತ್ತದೆ. ಊಟವನ್ನು ಬೇರೆಬೇರೆ ಮೂಲೆಗಳಲ್ಲಿ ಬಡಿಸಬೇಕು. ಮೂಳೆ, ಆಟಿಕೆಗಳನ್ನು ನಡುವೆ ಬಿಡಬಾರದು. ಹಳೆಯ ಪ್ರಾಣಿಯ ಊಟದ ವೇಳೆ, ಮಲಗುವ ಜಾಗ, ಮನೆಯವರೊಡನೆ ಕಳೆಯುವ ಸಮಯ ಇವು ಎಂದಿನಂತೆಯೇ ಇರಬೇಕು. ಮೊದಲ ಕೆಲವು ವಾರಗಳವರೆಗೆ ಎರಡನ್ನೇ ಬಿಟ್ಟು ಹೊರಗೆ ಹೋಗಬಾರದು.

ಹಳೆಯ ಪ್ರಾಣಿ ಬೆಕ್ಕಾಗಿದ್ದರೆ, ಅದನ್ನು ಹೊರಗೆ ಒಯ್ಯದೆ ಮನೆಯಲ್ಲಿಯೇ ಪರಿಚಯ ಮಾಡಿಸಬೇಕು. ನಾಯಿಗೆ ಎಟುಕದ ಎತ್ತರದ ತಾಣವೊಂದು ಬೆಕ್ಕಿಗೆ ಇರಲೇಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ಬೇಟೆನಾಯಿಯಂತಹ ತಳಿಗಳಿಗೆ ಓಡುವುದನ್ನು ಅಟ್ಟುವುದು ಹುಟ್ಟುಗುಣ. ಇಂತಹ ನಾಯಿಯ ಹಗ್ಗವನ್ನು ಬಹುಕಾಲ ಬಿಡಬಾರದು.

ಜಗಳವಾದರೆ

ನಾಯಿಗಳ ನಡುವೆ ಕೈ ಹಾಕಬಾರದು. ನೀರೆರಚಿ ಅಥವಾ ಜೋರಾಗಿ ಸದ್ದು ಮಾಡಿ ಬಿಡಿಸಲು ಯತ್ನಿಸಬೇಕು. ಮನುಷ್ಯರಿಗೆ ಹಲ್ಲು ತಗುಲಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ.

ಕೆಲವು ಪ್ರಾಣಿಗಳು ವಾರದಲ್ಲಿ ಹೊಂದಿಕೊಂಡರೆ, ಕೆಲವಕ್ಕೆ ತಿಂಗಳುಗಳೇ ಬೇಕಾಗುತ್ತವೆ. ಅವೆರಡೂ ಗೆಳೆಯರಾಗಲೇಬೇಕೆಂದಿಲ್ಲ, ಒಂದೇ ಸೂರಿನಡಿ ನಿರ್ಭಯವಾಗಿ ಮಲಗಿ ನಿದ್ರಿಸಿದರೆ ಮನೆಯವರ ಶ್ರಮ ಸಾರ್ಥಕ.