ಮೂರೂ ಊರು ಕೂಡಿದರೆ ಪ್ರವಾಸ

ಪ್ರಶ್ನೆ: ನಾವು ಸುರಪುರದ ಯುವಕರು. ಪ್ರವಾಸೋದ್ಯಮದಿಂದ ದುಡಿಮೆ ಕಂಡುಕೊಳ್ಳುವ ಆಸೆ. ಆದರೆ ಬಂದವರು ಟೇಲರ್ ಮಂಜಿಲ್ ಬಂಗಲೆ ನೋಡಿ ತಾಸಿನೊಳಗೆ ಹೊರಟುಬಿಡುತ್ತಾರೆ. ಏನು ಮಾಡೋಣ?

ಉತ್ತರ: ಅವರನ್ನು ಒಂದಿಡೀ ದಿನ ಹಿಡಿದಿಡಲು ಒಂದೇ ಊರಿನಿಂದಾಗದು, ಯಾದಗಿರಿ, ಶಹಾಪುರ, ಸುರಪುರ ಮೂರೂ ಊರು ಕೈಜೋಡಿಸಬೇಕು. ರೈಲಿಳಿಯುವವರಿಗೆ ಬೆಳಿಗ್ಗೆ ಯಾದಗಿರಿ ಕೋಟೆ, ದಾರಿಯಲ್ಲಿ ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಮಧ್ಯಾಹ್ನ ಸುರಪುರ. ಚಳಿಗಾಲವಾದರೆ ಸಂಜೆ ಬೋನಾಳ ಕೆರೆಯ ವಲಸೆ ಹಕ್ಕಿಗಳು.

ಕೆಲಸ ಹಂಚಿಕೊಳ್ಳಿ. ಊಟ ಸ್ತ್ರೀಶಕ್ತಿ ಸಂಘಗಳಿಗಿರಲಿ: ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಓಡಾಟ ಸ್ಥಳೀಯ ಆಟೋ, ಜೀಪಿನವರಿಗೆ. 1857–58ರಲ್ಲಿ ಬ್ರಿಟಿಷರನ್ನು ಎದುರಿಸಿದ ಸುರಪುರದ ರಾಜಾ ವೆಂಕಟಪ್ಪ ನಾಯಕರ ಚರಿತ್ರೆ ಹೇಳಲು ಊರಿನ ಇತಿಹಾಸ ಮೇಷ್ಟ್ರ ಹತ್ತಿರ ತರಬೇತಿ ಪಡೆಯಿರಿ. ಬಂಗಾರದ ಮೆರುಗಿನ ಸುರಪುರ ಶೈಲಿಯ ಚಿತ್ರಗಳನ್ನು ಕಲಾವಿದರೇ ಬರೆದು ತೋರಿಸಿ ಮಾರಲಿ.

ದರ ಮತ್ತು ಪಾಲನ್ನು ಮೊದಲೇ ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರೆದುರು ಓದಿ. ಶೌಚಾಲಯ, ಕುಡಿಯುವ ನೀರಿಗಾಗಿ ನಗರಸಭೆ, ಪಂಚಾಯಿತಿಗಳಿಗೆ ಒಟ್ಟಾಗಿ ಮನವಿ ಕೊಡಿ. ಈ ಚಳಿಗಾಲಕ್ಕೇ ಒಂದು ಸಣ್ಣ ತಂಡವನ್ನು ಕರೆದು ಶುರುಮಾಡಿ.